ಹಂದಿಮರಿಯ ಹುಟ್ಟುದೋಷ: ವಂಶದಿಂದ ಬಂದದ್ದೇ, ಗರ್ಭದಲ್ಲಿ ಆದದ್ದೇ?

ಒಂದು ತಾಯಿಹಂದಿ ಹನ್ನೆರಡು ಮರಿ ಹಾಕಿದೆ. ಹನ್ನೊಂದು ಮರಿಗಳು ಮೊಲೆ ಹುಡುಕಿಕೊಂಡು ಹಾಲು ಕುಡಿಯುತ್ತಿವೆ. ಹನ್ನೆರಡನೆಯದೂ ಕುಡಿಯುತ್ತಿದೆ, ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಅದರ ಹೊಟ್ಟೆ ಉಬ್ಬಿಕೊಳ್ಳುತ್ತದೆ. ಬಾಲ ಎತ್ತಿ ನೋಡಿದರೆ ಗುದದ್ವಾರ ಇರಬೇಕಾದ ಜಾಗದಲ್ಲಿ ಬರೀ ಚರ್ಮವಿದೆ. ಇಂಥ ಮರಿಯನ್ನು ಕಂಡಾಗ ಸಾಕುವವರ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ, ಇದು ಯಾರಿಂದ ಬಂತು ಎಂಬುದು. ಬೀಜದ ಹಂದಿಯಿಂದಲೇ, ತಾಯಿಯಿಂದಲೇ, ಅಥವಾ ಮೇವಿನಿಂದಲೇ? ಬಹಳ ಸಲ ಉತ್ತರಕ್ಕೆ ಕಾಯದೆ ಗಂಡುಹಂದಿಯನ್ನು ಮಾರಿಬಿಡುತ್ತಾರೆ. ಕೆಲವೊಮ್ಮೆ ಅದು ಸರಿಯಾದ ಕ್ರಮವೇ ಆಗಿರುತ್ತದೆ; ಇನ್ನು ಕೆಲವೊಮ್ಮೆ ಒಳ್ಳೆಯ ಪ್ರಾಣಿಯೊಂದು ಹೋಗಿ, ದೋಷದ ಮೂಲ ಕೊಟ್ಟಿಗೆಯಲ್ಲೇ ಉಳಿದುಬಿಡುತ್ತದೆ.

ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಗುಣಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೇಗೆ ಹರಿಯುತ್ತವೆ ಎಂಬುದನ್ನು ಮೊದಲಿನಿಂದ ತಿಳಿದುಕೊಳ್ಳಬೇಕಾಗುತ್ತದೆ. ಅದು ಕಷ್ಟದ ವಿಷಯವೇನಲ್ಲ.

ವಂಶವಾಹಿ ಮರಿಗೆ ತಲುಪುವ ಬಗೆ

ಹಂದಿಯ ದೇಹದ ಬಹುತೇಕ ಪ್ರತಿಯೊಂದು ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎ ಎಂಬ ಉದ್ದನೆಯ ಎಳೆಗಳಿವೆ. ಈ ಎಳೆಗಳು ಸುತ್ತಿಕೊಂಡು ವರ್ಣತಂತುಗಳಾಗಿರುತ್ತವೆ. ಸಾಕು ಹಂದಿಯಲ್ಲಿ ಇವುಗಳ ಸಂಖ್ಯೆ 38, ಅಂದರೆ 19 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಬಂದದ್ದು. ವರ್ಣತಂತುವಿನ ಉದ್ದಕ್ಕೂ ಇರುವ, ದೇಹಕ್ಕೆ ಬೇಕಾದ ಒಂದೊಂದು ಪ್ರೋಟೀನಿನ ತಯಾರಿಕೆಯ ಸೂಚನೆಯನ್ನು ಹೊತ್ತ ಭಾಗಗಳೇ ವಂಶವಾಹಿಗಳು. ಹಾಗಾಗಿ ಸಾಮಾನ್ಯವಾಗಿ ಪ್ರತಿ ವಂಶವಾಹಿಗೂ ಎರಡು ಪ್ರತಿಗಳಿರುತ್ತವೆ.

ವೀರ್ಯಾಣು ಅಥವಾ ಅಂಡಾಣು ತಯಾರಾಗುವಾಗ ಪ್ರತಿ ಜೋಡಿಯಿಂದ ಒಂದು ಮಾತ್ರ ಅದರೊಳಗೆ ಹೋಗುತ್ತದೆ. ಎರಡರಲ್ಲಿ ಯಾವುದು ಎಂಬುದು ಪ್ರತಿ ಸಲವೂ ಹೊಸದಾಗಿ, ಆಕಸ್ಮಿಕವಾಗಿ ನಿರ್ಧಾರವಾಗುತ್ತದೆ. ಒಂದೇ ಸೂಲಿನ ಹನ್ನೆರಡು ಮರಿಗಳು ಒಂದನ್ನೊಂದು ಪೂರ್ತಿಯಾಗಿ ಹೋಲದಿರುವುದಕ್ಕೆ ಇದೇ ಕಾರಣ. ಪ್ರತಿ ಮರಿಗೂ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಸಿಗುತ್ತದೆ ಎಂಬುದು ನಿಜವಾದರೂ ಆ ಅರ್ಧ ಪ್ರತಿ ಮರಿಗೂ ಬೇರೆಯೇ ಆಗಿರುತ್ತದೆ.

ಒಂದು ವಂಶವಾಹಿಯ ಎರಡು ಪ್ರತಿಗಳನ್ನು ಒಂದೇ ಅಡುಗೆಯ ವಿಧಾನ ಬರೆದಿಟ್ಟ ಎರಡು ಚೀಟಿಗಳೆಂದು ಭಾವಿಸಬಹುದು. ಒಂದು ಚೀಟಿಯಲ್ಲಿ ಅಕ್ಷರ ಅಳಿಸಿಹೋಗಿದ್ದರೂ ಇನ್ನೊಂದನ್ನು ನೋಡಿಕೊಂಡು ಅಡುಗೆ ಮಾಡಬಹುದು. ಎರಡೂ ಚೀಟಿಗಳಲ್ಲಿ ಅದೇ ಜಾಗ ಅಳಿಸಿಹೋಗಿದ್ದರೆ ಮಾತ್ರ ಅಡುಗೆ ಕೆಡುತ್ತದೆ. ಎರಡೂ ಪ್ರತಿಗಳು ಬದಲಾಗಿದ್ದಾಗ ಮಾತ್ರ ಹೊರಗೆ ಕಾಣಿಸಿಕೊಳ್ಳುವ ಇಂಥ ಗುಣವನ್ನು ದುರ್ಬಲ ಗುಣ ಎನ್ನುತ್ತಾರೆ. ಒಂದೇ ಪ್ರತಿ ಇದ್ದರೂ ಕಾಣಿಸಿಕೊಳ್ಳುವುದು ಪ್ರಬಲ ಗುಣ. ದುರ್ಬಲ ಗುಣದ ಒಂದು ಪ್ರತಿಯನ್ನು ಹೊತ್ತು, ತಾನು ಮಾತ್ರ ಆರೋಗ್ಯವಾಗಿರುವ ಪ್ರಾಣಿಗೆ ವಾಹಕ ಎಂದು ಹೆಸರು. ಈ ಲೇಖನದ ಬಹುಪಾಲು ವಾಹಕಗಳ ಬಗ್ಗೆಯೇ ಇದೆ ಎಂದರೆ ತಪ್ಪಿಲ್ಲ.

ಕಣ್ಣಿಗೆ ಕಾಣುವ ಗುಣಗಳು

ಬಿಳಿ ಬಣ್ಣವನ್ನು ತೆಗೆದುಕೊಳ್ಳೋಣ. ಲಾರ್ಜ್ ವೈಟ್ ಮತ್ತು ಲ್ಯಾಂಡ್‌ರೇಸ್ ತಳಿಗಳ ಬಿಳುಪು ಪ್ರಬಲ ಗುಣ. ಅದಕ್ಕೆ ಕಾರಣ ಕಿಟ್ ಎಂಬ ವಂಶವಾಹಿಯಲ್ಲಿನ ಬದಲಾವಣೆ. ಬಣ್ಣ ತಯಾರಿಸುವ ಜೀವಕೋಶಗಳು ಭ್ರೂಣದಲ್ಲಿ ಚರ್ಮದವರೆಗೆ ತಲುಪಿ ನೆಲೆಗೊಳ್ಳುವುದು ಈ ಬದಲಾವಣೆಯಿಂದ ತಪ್ಪುತ್ತದೆ. ಬಿಳುಪಿನ ಎರಡೂ ಪ್ರತಿಗಳಿರುವ ಹಂದಿಯನ್ನು ಬಣ್ಣದ ಹಂದಿಯೊಂದಿಗೆ ಕೂಡಿಸಿದರೆ ಮರಿಗಳೆಲ್ಲ ಬಿಳಿ. ಆದರೆ ಆ ಮರಿಗಳು ಬೆಳೆದು ತಮ್ಮಂಥವುಗಳೊಂದಿಗೇ ಕೂಡಿದರೆ, ಸರಾಸರಿ ನಾಲ್ಕರಲ್ಲಿ ಒಂದು ಮರಿ ಬಣ್ಣ ಹೊತ್ತು ಹುಟ್ಟುತ್ತದೆ. ಎರಡು ಬಿಳಿ ಹಂದಿಗಳಿಗೆ ಕಪ್ಪು ಮರಿ ಹುಟ್ಟಿದ ಮಾತ್ರಕ್ಕೆ ಬೇರೆ ಗಂಡುಹಂದಿ ಒಳಗೆ ನುಗ್ಗಿತ್ತು ಎಂದು ತೀರ್ಮಾನಿಸಬಾರದು. ಅಜ್ಜ ಅಜ್ಜಿಯರ ಕಾಲದಲ್ಲಿ ಬಂದ ಬಣ್ಣ ಒಳಗೇ ಉಳಿದು ಈಗ ಹೊರಬಂದಿರಬಹುದು.

ಹಂದಿಯ ಗೊರಸು ಸೀಳಿರುತ್ತದಷ್ಟೆ. ಕೆಲವು ಹಂದಿಗಳಲ್ಲಿ ಎರಡು ಗೊರಸುಗಳು ಕೂಡಿಕೊಂಡು ಕತ್ತೆಯ ಗೊರಸಿನಂತೆ ಒಂದೇ ಆಗಿರುತ್ತವೆ. ಇದೂ ಪ್ರಬಲ ಗುಣವೇ. ಪ್ರಬಲ ದೋಷಗಳನ್ನು ನಿವಾರಿಸುವುದು ಸುಲಭ, ಏಕೆಂದರೆ ಅವು ಬಚ್ಚಿಟ್ಟುಕೊಳ್ಳುವುದಿಲ್ಲ. ಕಂಡದ್ದನ್ನು ತಳಿಯಿಂದ ಹೊರಗಿಟ್ಟರೆ ಬಹುಮಟ್ಟಿಗೆ ಕೆಲಸ ಮುಗಿಯುತ್ತದೆ.

ತೂಕ, ಕೊಬ್ಬು, ಮರಿಗಳ ಸಂಖ್ಯೆ

ಸಾಕುವವರಿಗೆ ಆದಾಯ ತರುವ ಗುಣಗಳು ಇಷ್ಟು ಸರಳವಾಗಿಲ್ಲ. ಬೆಳವಣಿಗೆಯ ವೇಗ, ಬೆನ್ನಿನ ಕೊಬ್ಬಿನ ದಪ್ಪ, ಒಂದು ಸೂಲಿಗೆ ಹುಟ್ಟುವ ಮರಿಗಳ ಸಂಖ್ಯೆ ಇವೆಲ್ಲವನ್ನೂ ಹಲವಾರು ವಂಶವಾಹಿಗಳು ಸೇರಿ ಸ್ವಲ್ಪ ಸ್ವಲ್ಪವಾಗಿ ರೂಪಿಸುತ್ತವೆ. ಮೇವು, ರೋಗ, ಸೆಕೆ, ನಿರ್ವಹಣೆಗಳ ಪಾಲೂ ಅದರಲ್ಲಿದೆ. ಪ್ರಾಣಿ ಪ್ರಾಣಿಗಳ ನಡುವೆ ಕಾಣುವ ವ್ಯತ್ಯಾಸದಲ್ಲಿ ವಂಶದ ಪಾಲು ಎಷ್ಟು ಎಂಬುದನ್ನು ಆನುವಂಶಿಕತೆಯ ಪ್ರಮಾಣ ಎಂದು ಅಳೆಯುತ್ತಾರೆ. ಬೆನ್ನಿನ ಕೊಬ್ಬಿನ ವಿಷಯದಲ್ಲಿ ಇದು ಶೇಕಡಾ 40ರಿಂದ 50ರ ಆಸುಪಾಸಿನಲ್ಲಿದೆ. ಬೆಳವಣಿಗೆಯ ವೇಗದಲ್ಲಿ ಶೇಕಡಾ 30ರಷ್ಟು. ಮರಿಗಳ ಸಂಖ್ಯೆಯಲ್ಲಿ ಶೇಕಡಾ 10 ಮಾತ್ರ. ತೆಳು ಕೊಬ್ಬಿನ ತಂದೆತಾಯಿಯನ್ನು ಆಯ್ದುಕೊಂಡರೆ ಒಂದೆರಡು ತಲೆಮಾರಿನಲ್ಲೇ ಫಲ ಕಾಣುತ್ತದೆ, ಆದರೆ ಒಮ್ಮೆ ಹದಿನಾಲ್ಕು ಮರಿ ಹಾಕಿದ ಹಂದಿಯ ಮಗಳೂ ಹದಿನಾಲ್ಕು ಹಾಕುತ್ತಾಳೆಂದು ನಂಬುವುದಕ್ಕೆ ಆಧಾರ ಕಡಿಮೆ. ಮರಿಗಳ ಸಂಖ್ಯೆ ಹೆಚ್ಚಬೇಕಾದರೆ ಹಲವು ಸೂಲುಗಳ, ಹಲವು ಬಂಧುಗಳ ಲೆಕ್ಕ ಬೇಕು. ಜೊತೆಗೆ ಬೇರೆ ಬೇರೆ ತಳಿಗಳ ಮಿಶ್ರಣದಿಂದ ಬರುವ ಕಸುವು ಬೇಕು.

ಅಪರೂಪಕ್ಕೆ ಒಂದೇ ವಂಶವಾಹಿಗೆ ದೊಡ್ಡ ಪರಿಣಾಮ ಇರುವುದೂ ಉಂಟು. ಮಾಂಸಖಂಡವನ್ನು ಹೆಚ್ಚಿಸುವ ಐಜಿಎಫ್2 ಎಂಬ ವಂಶವಾಹಿಯ ಬದಲಾವಣೆಯನ್ನು 2003ರಲ್ಲಿ ಗುರುತಿಸಲಾಯಿತು. ಅದರ ವಿಶೇಷವೆಂದರೆ ತಂದೆಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತದೆ, ತಾಯಿಯಿಂದ ಬಂದದ್ದು ಮೌನವಾಗಿರುತ್ತದೆ.

ಲಾಭದ ಬೆನ್ನಿಗೆ ಅಂಟಿಕೊಂಡ ದೋಷ

ದುರ್ಬಲ ದೋಷವೊಂದು ಹೇಗೆ ಹರಡುತ್ತದೆ ಎಂಬುದಕ್ಕೆ ಹಂದಿಗಳ ಒತ್ತಡದ ಕಾಯಿಲೆಗಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ನೋಡಲು ಗಟ್ಟಿಮುಟ್ಟಾದ, ತುಂಬಿದ ತೊಡೆಯ ಹಂದಿಯನ್ನು ವಾಹನಕ್ಕೆ ಹತ್ತಿಸುವಾಗ ಅದು ಇದ್ದಕ್ಕಿದ್ದಂತೆ ನಡುಗುತ್ತದೆ, ಏದುಸಿರು ಬಿಡುತ್ತದೆ, ಚರ್ಮದ ಮೇಲೆ ಕೆಂಪು ಮತ್ತು ನೀಲಿ ಕಲೆಗಳೇಳುತ್ತವೆ, ಕಾಲುಗಳು ಸೆಟೆದುಕೊಳ್ಳುತ್ತವೆ, ದೇಹದ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಸಾಯಬಹುದು. ಸಾಯದೆ ಕಸಾಯಿಖಾನೆ ತಲುಪಿದರೆ ಅದರ ಮಾಂಸ ಬಿಳಿಚಿಕೊಂಡು, ಮೆತ್ತಗಾಗಿ, ನೀರು ಬಿಡುತ್ತದೆ.

ಇದರ ಒಳಗಿನ ಕ್ರಿಯೆ ಹೀಗಿದೆ. ಸ್ನಾಯು ಬಿಗಿಯಾಗಬೇಕಾದರೆ ಅದರ ಜೀವಕೋಶದೊಳಗಿನ ಚೀಲಗಳಲ್ಲಿ ಕೂಡಿಟ್ಟ ಕ್ಯಾಲ್ಸಿಯಂ ಹೊರಬರಬೇಕು. ಅದನ್ನು ಹೊರಬಿಡುವ ಬಾಗಿಲಿನಂಥ ಪ್ರೋಟೀನು ಐದು ಸಾವಿರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರಪಳಿ. ಆ ಸರಪಳಿಯ 615ನೆಯ ಸ್ಥಾನದಲ್ಲಿ ಆರ್ಜಿನೀನ್ ಬದಲು ಸಿಸ್ಟೀನ್ ಬಂದಿದ್ದರೆ ಬಾಗಿಲು ಬೇಗ ತೆರೆಯುತ್ತದೆ, ಮುಚ್ಚಲು ತಡವಾಗುತ್ತದೆ. ಕ್ಯಾಲ್ಸಿಯಂ ಸುರಿದು ಸ್ನಾಯು ಬಿಗಿಯಾಗಿಯೇ ಉಳಿಯುತ್ತದೆ, ಶಾಖ ಮತ್ತು ಲ್ಯಾಕ್ಟಿಕ್ ಆಮ್ಲ ಏರುತ್ತಾ ಹೋಗುತ್ತವೆ. ಬಿಸಿ ಆರದ ಮಾಂಸದಲ್ಲಿ ಆಮ್ಲ ಹೆಚ್ಚಾದಾಗ ಅದರ ಪ್ರೋಟೀನುಗಳು ನೀರನ್ನು ಹಿಡಿದಿಡುವ ಶಕ್ತಿ ಕಳೆದುಕೊಳ್ಳುತ್ತವೆ.

1970ರ ದಶಕದಲ್ಲಿ ಇದಕ್ಕೆ ಹ್ಯಾಲೋಥೇನ್ ಎಂಬ ಅರಿವಳಿಕೆಯ ಪರೀಕ್ಷೆ ಬಂತು. ಎಳೆಯ ಹಂದಿಗೆ ಕೆಲವು ನಿಮಿಷ ಅದರ ಆವಿಯನ್ನು ಉಸಿರಾಡಿಸಿ, ಕಾಲು ಸೆಟೆದುಕೊಂಡರೆ ದೋಷವಿದೆ ಎಂದು ತಿಳಿಯುತ್ತಿದ್ದರು. ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿದ್ದದ್ದು ಎರಡೂ ಪ್ರತಿಗಳು ಕೆಟ್ಟಿದ್ದ ಹಂದಿಗಳು ಮಾತ್ರ; ವಾಹಕಗಳು ಸಾಮಾನ್ಯ ಹಂದಿಗಳಂತೆ ಮಲಗಿ ಎದ್ದು ಹೋಗುತ್ತಿದ್ದವು. 1991ರಲ್ಲಿ ಡಿಎನ್‌ಎಯ ಒಂದೇ ಅಕ್ಷರದ ಆ ಬದಲಾವಣೆಯನ್ನು ಕಂಡುಹಿಡಿದ ಮೇಲಷ್ಟೇ ವಾಹಕಗಳನ್ನು ಗುರುತಿಸುವುದು ಸಾಧ್ಯವಾಯಿತು. ಆಗ ಪರೀಕ್ಷಿಸಿದ ಐದು ತಳಿಗಳಲ್ಲೂ ಅದೇ ಬದಲಾವಣೆ ಸಿಕ್ಕಿತು. ಎಂದೋ ಒಂದು ಹಂದಿಯಲ್ಲಿ ಹುಟ್ಟಿದ ತಪ್ಪು ತಳಿಯಿಂದ ತಳಿಗೆ ದಾಟಿಕೊಂಡು ಬಂದಿದೆ ಎಂಬ ಊಹೆಗೆ ಇದು ಬಲ ಕೊಟ್ಟಿತು.

ಹಂದಿಯನ್ನು ಕೊಲ್ಲಬಲ್ಲ ಈ ತಪ್ಪು ಇಷ್ಟು ದೂರ ಹರಡಿದ್ದೇಕೆ? ಏಕೆಂದರೆ ಅದನ್ನು ಹೊತ್ತ ಹಂದಿಗಳಲ್ಲಿ ಮಾಂಸ ಹೆಚ್ಚು, ಕೊಬ್ಬು ಕಡಿಮೆ. ತೆಳ್ಳನೆಯ ಮಾಂಸಕ್ಕಾಗಿ ಆಯ್ಕೆ ಮಾಡುತ್ತಾ ಹೋದವರು ತಮಗೆ ತಿಳಿಯದೆಯೇ ಈ ದೋಷವನ್ನೂ ಆಯ್ಕೆ ಮಾಡಿದರು. ಬೆಲ್ಜಿಯಂ ಮೂಲದ ಪಿಯೆಟ್ರಾನ್ ತಳಿಯಲ್ಲಿ ಇದು ಬಹಳ ಹೆಚ್ಚಾಗಿತ್ತು. ಇದು ಒಂಟಿ ಘಟನೆಯಲ್ಲ. ಫಿನ್‌ಲ್ಯಾಂಡಿನ ಯಾರ್ಕ್‌ಷೈರ್ ಹಂದಿಗಳಲ್ಲಿ ವೀರ್ಯಾಣುವಿನ ಬಾಲ ಮೊಟಕಾಗಿ ಈಜಲಾರದಂತಾಗುವ ದುರ್ಬಲ ದೋಷವೊಂದು ಹರಡಿತ್ತು. ಲಾರ್ಜ್ ವೈಟ್ ತಳಿಯಲ್ಲಿ ವಾಹಕಗಳು ಚುರುಕಾಗಿ ಬೆಳೆಯುವಂತೆ ಮಾಡುವ, ಆದರೆ ಎರಡು ಪ್ರತಿ ಸೇರಿದಾಗ ಮರಿಯನ್ನು ಗರ್ಭದಲ್ಲೇ ಸಾಯಿಸುವ ಬದಲಾವಣೆಯೊಂದನ್ನು 2018ರಲ್ಲಿ ವರದಿ ಮಾಡಲಾಯಿತು. ಅತ್ಯುತ್ತಮವಾಗಿ ಕಾಣುವ ಪ್ರಾಣಿಯಲ್ಲಿ ದೋಷವಿರಲಾರದು ಎಂಬ ನಂಬಿಕೆಯನ್ನು ಇವು ಮೂರೂ ಅಲುಗಾಡಿಸುತ್ತವೆ.

ದೋಷದ ಮರಿಯನ್ನು ತೆಗೆದರೆ ದೋಷ ಹೋಗುವುದಿಲ್ಲವೇಕೆ

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ವಾಹಕ ತಂದೆ, ವಾಹಕ ತಾಯಿ ಕೂಡಿದಾಗ ಪ್ರತಿ ಮರಿಗೂ ದೋಷ ಕಾಣಿಸಿಕೊಳ್ಳುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೀಗಿದ್ದರೂ ಎಂಟು ಮರಿಗಳ ಸೂಲೊಂದರಲ್ಲಿ ಒಂದೂ ದೋಷದ ಮರಿ ಹುಟ್ಟದಿರುವುದು ಸರಿಸುಮಾರು ಹತ್ತರಲ್ಲಿ ಒಮ್ಮೆ ಆಗುತ್ತದೆ. ಒಂದು ಸೂಲು ಚೆನ್ನಾಗಿ ಬಂದ ಮಾತ್ರಕ್ಕೆ ಜೋಡಿ ಶುದ್ಧ ಎನ್ನಲಾಗದು.

ಒಂದು ದೊಡ್ಡ ಹಿಂಡಿನಲ್ಲಿ ಪ್ರಾಣಿಗಳು ಬೇಧವಿಲ್ಲದೆ ಕೂಡುತ್ತಿವೆ, ನೂರು ಮರಿಗಳಲ್ಲಿ ಒಂದಕ್ಕೆ ಇಂಥ ದುರ್ಬಲ ದೋಷ ಕಾಣಿಸುತ್ತಿದೆ ಎಂದುಕೊಳ್ಳಿ. ಆ ಹಿಂಡಿನಲ್ಲಿ ವಾಹಕಗಳು ನೂರಕ್ಕೆ 18 ಇರುತ್ತವೆ. ಕಾಣುವ ಆ ಒಂದನ್ನು ತೆಗೆದರೂ ಕಾಣದ 18 ಉಳಿಯುತ್ತವೆ. ಆದ್ದರಿಂದಲೇ ದೋಷದ ಮರಿಯನ್ನು ಬರೀ ಕಾಯಿಲೆಯ ಮರಿಯೆಂದು ನೋಡದೆ, ಅದರ ತಂದೆ ಮತ್ತು ತಾಯಿ ಇಬ್ಬರ ಬಗ್ಗೆಯೂ ಸಿಕ್ಕ ಮಾಹಿತಿಯೆಂದು ನೋಡಬೇಕು. ಗಂಡುಹಂದಿಯೊಂದೇ ಕಾರಣ ಎನ್ನುವುದು ದುರ್ಬಲ ದೋಷಗಳ ವಿಷಯದಲ್ಲಿ ಸರಿಯಲ್ಲ. ತಾಯಿಯ ಕಡೆಯಿಂದಲೂ ಒಂದು ಕೆಟ್ಟ ಪ್ರತಿ ಬಂದಿರಲೇಬೇಕು. ಆದರೂ ಬೀಜದ ಹಂದಿಗೆ ನೂರಾರು ಮರಿಗಳಿರುವುದರಿಂದ ಅದನ್ನು ಮೊದಲು ಪರಿಶೀಲಿಸುವುದು ವಿವೇಕದ ಕೆಲಸವೇ.

ಹುಟ್ಟಿನಿಂದ ಬಂದದ್ದೆಲ್ಲ ವಂಶದಿಂದ ಬಂದದ್ದಲ್ಲ

ಅಮೆರಿಕದ ಟೆಕ್ಸಾಸಿನಲ್ಲಿ ಒಂದು ಹೆಣ್ಣುಹಂದಿ ಹನ್ನೊಂದು ಮರಿ ಹಾಕಿತು, ಹನ್ನೊಂದಕ್ಕೂ ಕಣ್ಣುಗುಡ್ಡೆಗಳಿರಲಿಲ್ಲ. ಒಂದೇ ಸೂಲಿನಲ್ಲಿ ಎಲ್ಲ ಮರಿಗಳಿಗೂ ಒಂದೇ ದೋಷ ಎಂದರೆ ಯಾರಿಗಾದರೂ ವಂಶದ ತೊಂದರೆ ಎಂದೇ ಅನಿಸುತ್ತದೆ. ಆದರೆ ಅದನ್ನು ಸಾಕಿದ್ದ ವಿಜ್ಞಾನಿ ಫ್ರೆಡ್ ಹೇಲ್ ಅದಕ್ಕೆ ಎ ಜೀವಸತ್ವವಿಲ್ಲದ ಆಹಾರವನ್ನು ಗಬ್ಬ ಕಟ್ಟುವ ಮುಂಚಿನಿಂದಲೂ ಕೊಟ್ಟಿದ್ದರು. ಅವರು ಇದನ್ನು 1933ರಲ್ಲಿ ಪ್ರಕಟಿಸಿದರು. ಮುಂದೆ ಅದೇ ರಕ್ತದ ಹಂದಿಗಳಿಗೆ ಎ ಜೀವಸತ್ವ ದೊರೆತಾಗ ಕಣ್ಣಿರುವ ಮರಿಗಳೇ ಹುಟ್ಟಿದವು. ವಂಶವಾಹಿ ಸರಿಯಿದ್ದರೂ, ಅಂಗ ರೂಪುಗೊಳ್ಳುವ ದಿನಗಳಲ್ಲಿ ಅದಕ್ಕೆ ಬೇಕಾದ ವಸ್ತು ಸಿಗದಿದ್ದರೆ ಅಂಗವೇ ಮೂಡುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಹಂದಿಯ ಗರ್ಭಕಾಲ ಸುಮಾರು 114 ದಿನ. ಅಂಗಗಳ ರೂಪ ನಿರ್ಧಾರವಾಗುವುದು ಬಹುಪಾಲು ಮೊದಲ ತಿಂಗಳಲ್ಲಿ, ಅಂದರೆ ತಾಯಿಯ ಹೊಟ್ಟೆ ಇನ್ನೂ ದಪ್ಪಗಾಗಿ ಕಾಣದ ಸಮಯದಲ್ಲಿ.

ಹುಟ್ಟುತ್ತಲೇ ನಡುಗುವ ಮರಿಗಳ ಉದಾಹರಣೆ ಇನ್ನೂ ಉಪಯುಕ್ತ. ಎಚ್ಚರವಿದ್ದಾಗ ಇಡೀ ಮೈ ಅದುರುತ್ತದೆ, ನಿದ್ದೆ ಹತ್ತಿದರೆ ನಡುಕ ನಿಲ್ಲುತ್ತದೆ. ಮೊಲೆಯನ್ನು ಬಾಯಲ್ಲಿ ಹಿಡಿದಿಟ್ಟುಕೊಳ್ಳಲಾಗದೆ ಕೆಲವು ಸಾಯುತ್ತವೆ. ಹೊರಗೆ ಒಂದೇ ತರಹ ಕಾಣುವ ಈ ತೊಂದರೆಗೆ ಕಾರಣಗಳು ಹಲವು. ಗಬ್ಬದ ಹಂದಿಗೆ ಹಂದಿಜ್ವರದ ವೈರಾಣು ತಗುಲಿದರೆ ಹೀಗಾಗಬಹುದು. 2016ರಲ್ಲಿ ಪೆಸ್ಟಿವೈರಸ್ ಎಂಬ ಅದೇ ಗುಂಪಿಗೆ ಸೇರಿದ ಮತ್ತೊಂದು ವೈರಾಣು ಕೂಡ ಇದಕ್ಕೆ ಕಾರಣವೆಂದು ಖಚಿತವಾಯಿತು. ಗರ್ಭಕಾಲದ ನಡುವೆ ಟ್ರೈಕ್ಲೋರ್ಫಾನ್ ಎಂಬ ಹುಳುನಾಶಕ ಔಷಧ ಕೊಟ್ಟಾಗ ಮಿದುಳಿನ ಹಿಂಭಾಗ ಬೆಳೆಯದೆ ಹೀಗಾದದ್ದೂ ಇದೆ. ಲ್ಯಾಂಡ್‌ರೇಸ್ ತಳಿಯಲ್ಲಿ ಗಂಡುಮರಿಗಳಲ್ಲಷ್ಟೇ ಕಾಣುವ, ಎಕ್ಸ್ ವರ್ಣತಂತುವಿಗೆ ಸಂಬಂಧಿಸಿದ ರೂಪವಿದೆ. ಗಂಡಿಗೆ ಎಕ್ಸ್ ವರ್ಣತಂತು ಒಂದೇ ಇರುವುದರಿಂದ, ಅದು ಕೆಟ್ಟಿದ್ದರೆ ಬದಲಿಗೆ ಇನ್ನೊಂದಿಲ್ಲ. ಸ್ಯಾಡಲ್‌ಬ್ಯಾಕ್ ತಳಿಯಲ್ಲಿ ಗಂಡು ಹೆಣ್ಣು ಎರಡಕ್ಕೂ ಬರುವ ದುರ್ಬಲ ರೂಪವಿದೆ. ಮರಿಯನ್ನಷ್ಟೇ ನೋಡಿ ಯಾರೂ ಕಾರಣ ಹೇಳಲಾರರು. ಕೇಳಬೇಕಾದದ್ದು ಬೇರೆ: ನಡುಗಿದ್ದು ಗಂಡುಮರಿಗಳು ಮಾತ್ರವೇ? ಬೇರೆ ಬೇರೆ ಗಂಡುಹಂದಿಗಳಿಗೆ ಹುಟ್ಟಿದ ಸೂಲುಗಳಲ್ಲೂ ಏಕಕಾಲಕ್ಕೆ ಕಾಣಿಸಿತೇ? ಹೊಸದಾಗಿ ತಂದ ಎಳೆಯ ಹೆಣ್ಣುಹಂದಿಗಳ ಮೊದಲ ಸೂಲಿನಲ್ಲೇ ಹೆಚ್ಚೇ? ಹಲವು ಸೂಲುಗಳಲ್ಲಿ ಒಟ್ಟಿಗೆ ಕಾಣಿಸಿ ಮುಂದಿನ ಸೂಲುಗಳಲ್ಲಿ ಮಾಯವಾದರೆ ಸೋಂಕನ್ನೋ ಮೇವನ್ನೋ ಔಷಧವನ್ನೋ ಸಂಶಯಿಸಬೇಕು; ಒಂದು ಗಂಡುಹಂದಿಯ ಮರಿಗಳಲ್ಲಿ ಮತ್ತೆ ಮತ್ತೆ ಬಂದರೆ ವಂಶವನ್ನು.

ಹರ್ನಿಯಾ, ಇಳಿಯದ ವೃಷಣ, ಕವಲುಗಾಲು

ಕೊಟ್ಟಿಗೆಯಲ್ಲಿ ಹೆಚ್ಚಾಗಿ ಕಾಣುವ ದೋಷಗಳು ವಂಶ ಮತ್ತು ಪರಿಸರ ಎರಡರ ನಡುವೆ ಇವೆ. ಕರುಳು ವೃಷಣದ ಚೀಲಕ್ಕೆ ಇಳಿಯುವ ಹರ್ನಿಯಾದಲ್ಲಿ ಹಲವು ವಂಶವಾಹಿಗಳ ಪಾತ್ರವಿದೆ. ಇಂಥ ಗಂಡುಮರಿಯ ಬೀಜ ಒಡೆಯಲು ಹೋಗಿ ಚೀಲ ಕೊಯ್ದರೆ ಕರುಳೇ ಹೊರಬೀಳುತ್ತದೆ, ಆದ್ದರಿಂದ ಮೊದಲು ಚೀಲದಲ್ಲಿ ಊತವಿದೆಯೇ ಎಂದು ಮುಟ್ಟಿ ನೋಡಬೇಕು. ಹೊಕ್ಕುಳಿನ ಹರ್ನಿಯಾ ವಂಶದಿಂದಲೂ ಬರಬಹುದು, ಹೊಕ್ಕುಳುಬಳ್ಳಿಯನ್ನು ಎಳೆದದ್ದರಿಂದಲೋ ಅದಕ್ಕೆ ಸೋಂಕಾದದ್ದರಿಂದಲೋ ಆಗಬಹುದು. ಒಂದು ವೃಷಣ ಹೊಟ್ಟೆಯೊಳಗೇ ಉಳಿದ ಗಂಡುಹಂದಿ ಮರಿಗಳನ್ನು ಹುಟ್ಟಿಸಬಲ್ಲದು, ಆದರೆ ಅದನ್ನು ಬೀಜಕ್ಕೆ ಉಳಿಸಿಕೊಂಡರೆ ದೋಷವನ್ನೂ ಉಳಿಸಿಕೊಂಡಂತೆ.

ಗುದದ್ವಾರವಿಲ್ಲದ ಗಂಡುಮರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ಬದುಕಿಲ್ಲ. ಹೆಣ್ಣುಮರಿಯಲ್ಲಿ ಕರುಳು ಯೋನಿಯೊಳಗೆ ತೆರೆದುಕೊಂಡಿದ್ದರೆ ಸಗಣಿ ಅಲ್ಲಿಂದ ಹೊರಬಂದು ಅದು ಬೆಳೆಯಲೂಬಹುದು. ಅಂಥದ್ದನ್ನು ತಳಿಗೆ ಬಳಸಬಾರದು. ಹಿಂಗಾಲುಗಳು ಎರಡು ಪಕ್ಕಕ್ಕೆ ಜಾರಿ ನಿಲ್ಲಲಾಗದ ಕವಲುಗಾಲಿನ ಮರಿಯ ಕಥೆ ಬೇರೆ. ಹುಟ್ಟಿದ ಕೆಲವೇ ಗಂಟೆಗಳೊಳಗೆ ಎರಡು ಹಿಂಗಾಲುಗಳನ್ನು ಸ್ವಲ್ಪ ಅಂತರ ಬಿಟ್ಟು ಅಂಟುಪಟ್ಟಿಯಿಂದ ಎಂಟರ ಆಕಾರದಲ್ಲಿ ಕಟ್ಟಿ, ಹಾಲು ಕುಡಿಯಲು ನೆರವಾದರೆ ಬಹಳಷ್ಟು ಮರಿಗಳು ಒಂದು ವಾರದೊಳಗೆ ನಡೆಯುತ್ತವೆ. ಇದರಲ್ಲಿ ವಂಶದ ಪಾಲಿದೆ, ಜಾರುವ ನೆಲದ ಪಾಲೂ ಇದೆ.

ವರ್ಣತಂತುವೇ ಕತ್ತರಿಸಿ ಅಂಟಿಕೊಂಡಾಗ

ಕೆಲವು ದೋಷಗಳು ಯಾವ ಮರಿಯಲ್ಲೂ ಕಾಣುವುದಿಲ್ಲ, ಮರಿಗಳ ಎಣಿಕೆಯಲ್ಲಷ್ಟೇ ಕಾಣುತ್ತವೆ. ಎರಡು ಬೇರೆ ಬೇರೆ ವರ್ಣತಂತುಗಳ ತುದಿಗಳು ಮುರಿದು ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಂಡರೆ, ಆ ಹಂದಿಯಲ್ಲಿ ಡಿಎನ್‌ಎ ಒಟ್ಟಾರೆ ಕಡಿಮೆಯಾಗಿರುವುದಿಲ್ಲ. ಹಾಗಾಗಿ ಅದು ಆರೋಗ್ಯವಾಗಿಯೇ ಇರುತ್ತದೆ, ಗಂಡಾಗಿದ್ದರೆ ವೀರ್ಯವೂ ಸೂಕ್ಷ್ಮದರ್ಶಕದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಅದರ ವೀರ್ಯಾಣುಗಳಲ್ಲಿ ಅನೇಕವು ಒಂದು ತುಂಡು ಹೆಚ್ಚು, ಇನ್ನೊಂದು ಕಡಿಮೆ ಹೊತ್ತಿರುತ್ತವೆ. ಅವುಗಳಿಂದಾದ ಭ್ರೂಣಗಳು ಬೇಗನೆ ಸಾಯುತ್ತವೆ. ಹನ್ನೆರಡು ಹುಟ್ಟಬೇಕಾದಲ್ಲಿ ಆರೇಳು ಹುಟ್ಟುತ್ತವೆ. ಹಂದಿಯಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1964ರಲ್ಲಿ, ಸ್ವೀಡನ್ನಿನಲ್ಲಿ. ಯಾವ ತಾಯಿಹಂದಿಗೆ ಕೂಡಿಸಿದರೂ ಮರಿಗಳ ಸಂಖ್ಯೆ ಕುಸಿಯುವಂತೆ ಮಾಡುವ ಗಂಡುಹಂದಿಯ ರಕ್ತದಿಂದ ವರ್ಣತಂತು ಪರೀಕ್ಷೆ ಮಾಡಿಸಿದರೆ ಇದು ಗೊತ್ತಾಗುತ್ತದೆ. ಬದುಕಿ ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಇದೇ ಅದಲುಬದಲನ್ನು ಹೊತ್ತಿರುತ್ತವೆ. ವರ್ಣತಂತುವಿನ ಬದಲಾವಣೆಯೆಲ್ಲ ಕೆಟ್ಟದ್ದೇ ಎಂದೇನಲ್ಲ: ಪಶ್ಚಿಮ ಯುರೋಪಿನ ಅನೇಕ ಕಾಡುಹಂದಿಗಳಲ್ಲಿ ಎರಡು ಜೋಡಿಗಳು ಕೂಡಿಕೊಂಡು 36 ವರ್ಣತಂತುಗಳಷ್ಟೇ ಇವೆ, ಅವು ಸಾಕು ಹಂದಿಗಳೊಂದಿಗೆ ಕೂಡಿ 37 ವರ್ಣತಂತುಗಳ ಮರಿಗಳನ್ನು ಹುಟ್ಟಿಸುತ್ತವೆ.

ಹತ್ತಿರದ ಸಂಬಂಧದ ಅಪಾಯ

ತಂದೆ ಮಗಳು, ಅಣ್ಣ ತಂಗಿ ಕೂಡಿದಾಗ ಹುಟ್ಟುವ ಮರಿಯಲ್ಲಿ ಯಾವುದೇ ವಂಶವಾಹಿಯ ಎರಡು ಪ್ರತಿಗಳೂ ಒಂದೇ ಪೂರ್ವಜನಿಂದ ಬಂದಿರುವ ಸಾಧ್ಯತೆ ಶೇಕಡಾ 25. ತಂದೆಯೊಬ್ಬನೇ ಆಗಿ ತಾಯಂದಿರು ಬೇರೆಯಾಗಿದ್ದರೆ ಶೇಕಡಾ 12.5. ಹತ್ತಿರದ ಸಂಬಂಧ ಹೊಸ ದೋಷವನ್ನು ಸೃಷ್ಟಿಸುವುದಿಲ್ಲ; ಬಚ್ಚಿಟ್ಟುಕೊಂಡಿದ್ದ ದೋಷದ ಎರಡು ಪ್ರತಿಗಳನ್ನು ಒಂದೆಡೆ ಸೇರಿಸುತ್ತದೆ. ಜೊತೆಗೆ ಮರಿಗಳ ಸಂಖ್ಯೆ, ಬದುಕುಳಿಯುವ ಶಕ್ತಿ, ಬೆಳವಣಿಗೆ ಎಲ್ಲವೂ ತಗ್ಗುತ್ತವೆ. ಒಂದೇ ಬೀಜದ ಹಂದಿ ಇರುವ ಚಿಕ್ಕ ಸಾಕಣೆಯಲ್ಲಿ, ಮೊದಲ ಕೂಡಿಕೆಯಾದ ಸುಮಾರು ಒಂದು ವರ್ಷದೊಳಗೆ ಅದರ ಹೆಣ್ಣುಮಕ್ಕಳೇ ಬೆದೆಗೆ ಬರುತ್ತವೆ. ಅಷ್ಟರೊಳಗೆ ಗಂಡುಹಂದಿಯನ್ನು ಬದಲಿಸುವ ಏರ್ಪಾಡು ಆಗಿರಬೇಕು.

ಪುಸ್ತಕದಲ್ಲಿ ಏನನ್ನು ಬರೆದಿಡಬೇಕು

ವಂಶವೋ ಪರಿಸರವೋ ಎಂಬ ಪ್ರಶ್ನೆಗೆ ಪ್ರಯೋಗಾಲಯಕ್ಕಿಂತ ಮೊದಲು ಉತ್ತರ ಕೊಡುವುದು ದಾಖಲೆ ಪುಸ್ತಕ. ತಂದೆ, ತಾಯಿ, ಕೂಡಿದ ದಿನ, ಹುಟ್ಟಿದ ಮರಿಗಳು, ಸತ್ತು ಹುಟ್ಟಿದವು, ದೋಷದ ಮರಿಯ ಲಿಂಗ ಮತ್ತು ದೋಷದ ವಿವರ, ಗಬ್ಬದ ಕಾಲದಲ್ಲಿ ತಾಯಿಗೆ ಕೊಟ್ಟ ಔಷಧ, ಬಂದ ಜ್ವರ, ಬದಲಾದ ಮೇವು ಇಷ್ಟನ್ನು ಬರೆದಿಟ್ಟರೆ ಎರಡು ಮೂರು ಸೂಲುಗಳ ನಂತರ ಜಾಡು ಕಾಣತೊಡಗುತ್ತದೆ. ಒಂದೇ ಬೆದೆಯಲ್ಲಿ ಎರಡು ಗಂಡುಹಂದಿಗಳು ಕೂಡಿದ್ದರೆ, ಅಥವಾ ಹಲವು ಹಂದಿಗಳ ವೀರ್ಯವನ್ನು ಬೆರೆಸಿ ಕೊಟ್ಟಿದ್ದರೆ, ಒಂದೇ ಸೂಲಿನಲ್ಲಿ ಇಬ್ಬರು ತಂದೆಯರ ಮರಿಗಳಿರಬಹುದು; ಆಗ ಈ ಪುಸ್ತಕಕ್ಕೆ ಬೆಲೆಯಿಲ್ಲ. ತಳಿಗೆಂದು ಮರಿ ಉಳಿಸಿಕೊಳ್ಳುವ ಸೂಲುಗಳಲ್ಲಿ ತಂದೆ ಒಬ್ಬನೇ ಆಗಿರುವಂತೆ ನೋಡಿಕೊಳ್ಳಬೇಕು.

ದೋಷಕ್ಕೆ ಡಿಎನ್‌ಎ ಪರೀಕ್ಷೆ ಲಭ್ಯವಿದ್ದರೆ ಬೇರುಸಹಿತ ಕಿತ್ತ ಕೆಲವು ಕೂದಲೋ ಕಿವಿಯ ಚೂರೋ ಸಾಕು. ಪರೀಕ್ಷೆಯಿಲ್ಲದ ದೋಷವಾದರೆ, ದುರ್ಬಲ ಗುಣವೆಂಬ ಸಂಶಯವಿರುವಾಗ, ಆ ತಂದೆ ಮತ್ತು ಆ ತಾಯಿಯನ್ನು ಮತ್ತೆ ಒಟ್ಟಿಗೆ ಕೂಡಿಸಬಾರದು. ಅದೇ ಸೂಲಿನ ಆರೋಗ್ಯವಂತ ಅಕ್ಕತಂಗಿಯರನ್ನೂ ಅಣ್ಣತಮ್ಮಂದಿರನ್ನೂ ತಳಿಗೆ ಉಳಿಸಿಕೊಳ್ಳದಿರುವುದು ಒಳ್ಳೆಯದು, ಏಕೆಂದರೆ ಅವುಗಳಲ್ಲಿ ಸರಾಸರಿ ಮೂರರಲ್ಲಿ ಎರಡು ವಾಹಕಗಳಾಗಿರುತ್ತವೆ. ಮಾಂಸಕ್ಕಾಗಿ ಅವುಗಳನ್ನು ಬೆಳೆಸಲು ಯಾವ ಅಡ್ಡಿಯೂ ಇಲ್ಲ.